ಗೋಡೆಗೆ ನುಡಿ ಬಾರದು

ಕನಕಪುರದ ಆ ಖಾಸಗಿ ಆಸ್ಪತ್ರೆಯಲ್ಲಿ ಯಾವುದು ಕೆಟ್ಟರೂ ಮೊದಲು ಫೋನ್ ಹೋಗುತ್ತಿದ್ದದ್ದು ಲತಾಮಣಿಗೆ. ಅವಳ ಕೆಲಸ ಕಂಪ್ಯೂಟರ್ ನೆಟ್‌ವರ್ಕ್ ನೋಡಿಕೊಳ್ಳುವುದು. ಆದರೆ ವೈರು ಇರುವುದೆಲ್ಲ ಅವಳಿಗೇ ಸೇರಿದ್ದು ಎಂದು ಆಸ್ಪತ್ರೆಯವರು ಎಂದೋ ತೀರ್ಮಾನಿಸಿಬಿಟ್ಟಿದ್ದರು. ವಾರ್ಡಿನ ಟೀವಿಯಲ್ಲಿ ಧಾರಾವಾಹಿ ಬರದಿದ್ದರೂ ಅವಳೇ, ಲಿಫ್ಟು ನಡುವೆ ನಿಂತರೂ ಅವಳೇ, ಕ್ಯಾಂಟೀನಿನ ಮಿಕ್ಸಿ ಕೆಟ್ಟು ಕೂತರೂ ಅವಳೇ. 'ಇದು ನಂದಲ್ಲ' ಎಂದು ಹೇಳಿ ಹೇಳಿ ಸಾಕಾಗಿ, ಈಗ ಮಿಕ್ಸಿಯನ್ನೂ ಒಮ್ಮೆ ಅಲ್ಲಾಡಿಸಿ ನೋಡಿ ಬರುತ್ತಿದ್ದಳು. ಹಾಗೆ ಅಲ್ಲಾಡಿಸಿದರೆ ಕೆಲವು ಸಲ ಸರಿಹೋಗುತ್ತಲೂ ಇತ್ತು. ಅದೇ ಅವಳ ದೊಡ್ಡ ಕಷ್ಟ.

ಅವಳ ಊರು ಕಬ್ಬಾಳು. ಮದುವೆಯ ಮಾತು ಎರಡು ಕಡೆ ಬಂದು ಎರಡು ಕಡೆಯೂ ಹೋಯಿತು. ಆಮೇಲೆ ಅವಳೂ ಆ ಮಾತು ಎತ್ತಲಿಲ್ಲ, ಅವ್ವನೂ ಎತ್ತಲಿಲ್ಲ. ಈ ಆಸ್ಪತ್ರೆಗೆ ಬರುವ ಮೊದಲು ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಕಂಪ್ಯೂಟರ್ ಸೆಂಟರಿನಲ್ಲಿ ಕನ್ನಡ ಟೈಪಿಂಗ್ ಹೇಳಿಕೊಡುತ್ತಿದ್ದಳು. ಆಗೆಲ್ಲ ಕನ್ನಡ ಎಂದರೆ 'ನುಡಿ' ತಂತ್ರಾಂಶ. ತಾಲ್ಲೂಕಿನ ಎಷ್ಟೋ ಗುಮಾಸ್ತರು ಅವಳ ಮುಂದೆ ಕೂತು ನುಡಿಯ ಕೀಲಿಮಣೆ ಒತ್ತಲು ಕಲಿತವರು. ಅವರಲ್ಲೊಬ್ಬರು ಕೋಡಿಹಳ್ಳಿಯ ರಾಮಲಿಂಗಯ್ಯ. ವಯಸ್ಸಿನಲ್ಲಿ ಅವಳಿಗಿಂತ ಬಹಳ ದೊಡ್ಡವರು. ಈಗ ಇದೇ ಆಸ್ಪತ್ರೆಯ ದಾಖಲೆ ಕೋಣೆಯಲ್ಲಿ ಕೂತು ಪತ್ರ, ಸುತ್ತೋಲೆ, ಆಪರೇಷನ್ನಿನ ಒಪ್ಪಿಗೆ ಪತ್ರಗಳನ್ನೆಲ್ಲ ಎರಡೇ ಬೆರಳಲ್ಲಿ ಟೈಪ್ ಮಾಡುತ್ತಿದ್ದರು. ಇಂದಿಗೂ ಅವಳನ್ನು ಕಂಡರೆ ಅರ್ಧ ಎದ್ದು ನಿಂತು 'ಟೀಚರಮ್ಮ' ಎನ್ನುತ್ತಿದ್ದರು.

ಎಲ್ಲ ಶುರುವಾದದ್ದು ಒಂದು ಪೌಂಡ್ ಬ್ರೆಡ್ಡಿನಿಂದ.

ಕೋಡಿಹಳ್ಳಿಯ ಕೆಂಪಯ್ಯನ ಮಗಳು ಚೈತ್ರಾ ಮೂರ್ಛೆ ಬಂದು ಆಸ್ಪತ್ರೆ ಸೇರಿದ್ದಳು. ಮಾಗಡಿ ಕಡೆಗೆ ಮದುವೆ ಗೊತ್ತಾಗಿದ್ದ ಹುಡುಗಿ. ಮನೆಯವರು ಯಾರಿಗೂ ಬಾಯಿ ಬಿಟ್ಟಿರಲಿಲ್ಲ. ಆದರೂ ಒಂದು ಸಂಜೆ ಮಾಗಡಿಯ ಬೀಗರು ಬ್ರೆಡ್ಡು, ಮೂಸಂಬಿ, ಎಳನೀರು ಹಿಡಿದುಕೊಂಡು ನೆಟ್ಟಗೆ ಅವಳ ಹಾಸಿಗೆಯ ಹತ್ತಿರ ಬಂದು ನಿಂತರು. 'ಮೂರ್ಛೆ ರೋಗವಂತೆ, ಈಗೆಂಗೈತವ್ವ' ಎಂದು ಮರ್ಯಾದೆಯಿಂದಲೇ ವಿಚಾರಿಸಿದರು. ಹಣ್ಣು ಇಟ್ಟು ಹೋದರು. ಊರು ಸೇರಿದ ಮೇಲೆ, ಈ ಸಂಬಂಧ ಬೇಡ ಎಂದು ಹೇಳಿ ಕಳುಹಿಸಿದರು.

ಮರುದಿನ ಕೆಂಪಯ್ಯ ಸ್ವಾಗತದ ಟೇಬಲ್ಲಿನ ಮುಂದೆ ನಿಂತು ಇಡೀ ಆಸ್ಪತ್ರೆಗೆ ಕೇಳುವಂತೆ ಕೂಗಿದ. "ನನ್ ಮಗ್ಳ ಕಾಯ್ಲೆ ಬೀಗ್ರಿಗೆ ಯೇಳ್ದೋರ್ಯಾರು? ಇದೇನ್ ಆಸ್ಪತ್ರೆನೋ, ಅಳ್ಳೀಕಟ್ಟೆನೋ?"

ಲತಾಮಣಿ ಮೂಲೆಯಲ್ಲಿ ಪ್ರಿಂಟರಿನ ಹೊಟ್ಟೆ ಬಿಚ್ಚಿಕೊಂಡು ಕೂತಿದ್ದಳು. ಅವಳಿಗೆ ನೆನಪಾದದ್ದು ಅವಳ ಅವ್ವ. ಅವ್ವ ಆಸ್ಪತ್ರೆಯಲ್ಲಿದ್ದಾಗ ಕಬ್ಬಾಳಿನವರು ಟೆಂಪೋ ಮಾಡಿಕೊಂಡು ಬಂದಿದ್ದರು. ಈ ಸೀಮೆಯಲ್ಲಿ ಕಾಯಿಲೆ ಬಿದ್ದವರನ್ನು ನೋಡಿಕೊಂಡು ಬರದಿದ್ದರೆ ಅದು ವರ್ಷಗಟ್ಟಲೆ ಮಾತು ಬಿಡುವಂಥ ತಪ್ಪು. ಕಾಯಿಲೆ ಎಂದು ತಿಳಿಸದೇ ಇದ್ದರೆ ಅದಕ್ಕಿಂತ ದೊಡ್ಡ ತಪ್ಪು. ಮಂಚದ ಸುತ್ತ ಜನ, ಬೆಂಚಿನ ತುಂಬ ಜನ, ಅವ್ವನ ಕಾಲ ಬಳಿ ಬ್ರೆಡ್ಡಿನ ಗುಡ್ಡೆ. ಮೂರು ದಿನ ನಿದ್ದೆಗೆಟ್ಟಿದ್ದ ಲತಾಮಣಿ ತಾಳ್ಮೆ ಕಳೆದುಕೊಂಡು "ಇದೇನ್ ಮದ್ವೆ ಮನೇನಾ? ಎಲ್ರೂ ಓಗ್ರಪ್ಪ" ಎಂದುಬಿಟ್ಟಿದ್ದಳು. ಅವರು ಎದುರಾಡದೆ ಎದ್ದು ಹೋದರು. ಅವ್ವ ತೀರಿಕೊಂಡ ಮೇಲೆ ಅವಳೂ ಊರಿಗೆ ಹೋಗುವುದು ಕಡಿಮೆಯಾಯಿತು, ಅವರೂ ಬರುವುದು ನಿಂತುಹೋಯಿತು.

ಆಡಳಿತಾಧಿಕಾರಿ ಪ್ರಕಾಶ್ ಅವಳನ್ನು ಕರೆಸಿದರು. ಬೆಂಗಳೂರಿನವರು, ಅವಸರದ ಮನುಷ್ಯ. "ನೋಡಿ ಲತಾ, ಪೇಷೆಂಟ್ ಡೇಟಾ ಒಂದು ಅಕ್ಷರವೂ ಹೊರಗೆ ಹೋಗಬಾರದು. ಫೈರ್‌ವಾಲ್‌ನಲ್ಲಿ ಅದಕ್ಕೆ ರೂಲ್ ಬರೀಬಹುದಂತೆ. ಬರೀರಿ."

ಬರೀರಿ ಎಂದು ಹೇಳುವುದಕ್ಕೆ ಏನು. ಆಸ್ಪತ್ರೆಯಿಂದ ಹೊರಗೆ ಹೋಗುವ ಪ್ರತಿಯೊಂದು ಇ-ಮೇಲೂ ಹೆಸರಿನಲ್ಲೇ ಗೋಡೆಯಿರುವ ಫೈರ್‌ವಾಲ್ ಎಂಬ ಆ ಪೆಟ್ಟಿಗೆಯೊಳಗೆ ಹಾದೇ ಹೋಗಬೇಕು. ಯಾವುದನ್ನು ಬಿಡಬೇಕು, ಯಾವುದನ್ನು ಹಿಡಿಯಬೇಕು ಎಂದು ಅದಕ್ಕೆ ಒಂದೊಂದಾಗಿ ಹೇಳಿಕೊಡಬೇಕು. ಅದು ಹೇಳಿದ್ದನ್ನು ಮಾಡುತ್ತದೆ. ಹೇಳಿದ್ದನ್ನು ಮಾತ್ರ ಮಾಡುತ್ತದೆ, ಅದೇ ತೊಂದರೆ. ಲತಾಮಣಿ ಮೊದಲು ಹನ್ನೆರಡು ಅಂಕಿ ಕಂಡರೆ ಹಿಡಿ ಎಂದಳು. ಆಧಾರ್ ನಂಬರಿಗೆ ಅಷ್ಟೇ ಅಂಕಿ. ಮಾರನೆಯ ದಿನ ಯಾರ ಇ-ಮೇಲೂ ಹೋಗುತ್ತಿಲ್ಲ ಎಂದು ಗಲಾಟೆ. ಫೋನ್ ನಂಬರಿನ ಮೊದಲಿಗೆ ತೊಂಬತ್ತೊಂದು ಹಾಕಿದರೆ ಅದಕ್ಕೂ ಹನ್ನೆರಡೇ ಅಂಕಿ ಎಂಬುದು ಅವಳಿಗೆ ಹೊಳೆದಿರಲಿಲ್ಲ. ಅದನ್ನು ತಿದ್ದಿದಳು. ಆಮೇಲೆ ಕಾಯಿಲೆಯ ಹೆಸರುಗಳು, ಇಂಗ್ಲಿಷಿನಲ್ಲೊಮ್ಮೆ, ಕನ್ನಡದಲ್ಲೊಮ್ಮೆ. ಕ್ಷಯ ಎಂದು ಬರೆದ ಗಳಿಗೆಯಿಂದ ಮಕ್ಕಳ ಡಾಕ್ಟರು ಅಕ್ಷಯ ಅವರು ಕಳಿಸಿದ ಮೇಲುಗಳೆಲ್ಲ ಸಿಕ್ಕಿಬಿದ್ದವು. ಅವರು ಕೆಳಗೆ ಕನ್ನಡದಲ್ಲಿ ಹೆಸರು ಹಾಕುವ ಅಭಿಮಾನಿ.

"ಏನಮ್ಮಾ, ನನ್ನ ಹೆಸರೇ ಒಂದು ರೋಗವಾ?" ಎಂದು ಅವರು ಫೋನಿನಲ್ಲಿ ಕೇಳಿದಾಗ ಅವಳಿಗೆ ನಗು ಬರಬೇಕಿತ್ತು, ಬರಲಿಲ್ಲ. ಇಡಿಯ ಪದವಾಗಿದ್ದರೆ ಮಾತ್ರ ಹಿಡಿ ಎಂದು ತಿದ್ದಿದಳು. ಊಟದ ಡಬ್ಬಿ ಬೆಳಿಗ್ಗೆ ತಂದದ್ದು ಹಾಗೆಯೇ ಮನೆಗೆ ಹೋಗುತ್ತಿತ್ತು. ಬೇಸರಕ್ಕೂ ಒಂದು ಮಿತಿ ಇರುತ್ತದೆ ಎಂದು ಅವಳು ತಿಳಿದಿದ್ದಳು, ಇರಲಿಲ್ಲ.

ಆದರೂ ಅವಳು ಆ ಕೆಲಸವನ್ನು ಮನಸ್ಸಿಟ್ಟು ಮಾಡಿದಳು. ಅದಕ್ಕೆ ಅವಳದ್ದೇ ಒಂದು ಕಾರಣವಿತ್ತು. ಅವಳ ಎಡ ಎದೆಯಲ್ಲಿ ಒಂದು ಗಂಟಾಗಿತ್ತು. ಇದೇ ಆಸ್ಪತ್ರೆಯ ಡಾಕ್ಟರಮ್ಮ ನೋಡಿ, ಆಪರೇಷನ್ ಮಾಡಿ ತೆಗೆದು ಪರೀಕ್ಷೆಗೆ ಕಳಿಸೋಣ ಎಂದಿದ್ದರು. ಲತಾಮಣಿ ಯಾರಿಗೂ ಹೇಳಿರಲಿಲ್ಲ. 'ಅಯ್ಯೋ ಪಾಪ' ಎನ್ನುವ ಮುಖಗಳನ್ನು ನೋಡುವ ಶಕ್ತಿ ಅವಳಲ್ಲಿ ಉಳಿದಿರಲಿಲ್ಲ. ಬೇರೆಯವರ ಗುಟ್ಟು ಕಾಯುವ ನೆಪದಲ್ಲಿ ಅವಳು ತನ್ನದನ್ನೂ ಕಾಯುತ್ತಿದ್ದಳು.

ರೂಲುಗಳು ಒಂದು ಹದಕ್ಕೆ ಬಂದವು. ಪರೀಕ್ಷೆಗೆಂದು ಅವಳೇ ಒಂದು ಮೇಲ್ ಬರೆದು ಕಳಿಸಿದಳು. ಪೆಟ್ಟಿಗೆ ತಟ್ಟನೆ ಹಿಡಿಯಿತು. ಪ್ರಕಾಶ್ ಸಂತೋಷಪಟ್ಟು, ರೋಗಿಗಳ ದತ್ತಾಂಶ ಸೋರಿಕೆಯನ್ನು ತಡೆಗಟ್ಟುವ ಬಗ್ಗೆ ಒಂದು ಸುತ್ತೋಲೆ ಹೊರಡಿಸಿದರು. ಯಾವ ಯಾವ ಪದ ಬರೆಯಬಾರದು ಎಂದು ಅದರಲ್ಲೇ ಪಟ್ಟಿ. ಟೈಪ್ ಮಾಡಿದವರು ರಾಮಲಿಂಗಯ್ಯ.

ಅಷ್ಟಾದರೂ ಸುದ್ದಿ ಮತ್ತೆ ಹೊರಗೆ ಹೋಯಿತು. ಕೋಡಿಹಳ್ಳಿ ಪಕ್ಕದ ಸಿದ್ದಮ್ಮ ಎಂಬಾಕೆ ಕ್ಷಯಕ್ಕೆ ಔಷಧಿ ತೆಗೆದುಕೊಳ್ಳುತ್ತ ವಾರ್ಡಿನಲ್ಲಿದ್ದಳು. ಊರಿನವರು ಬ್ರೆಡ್ಡು ಹಿಡಿದು ನೋಡಿಕೊಂಡು ಹೋದರು. ಹೋದವರು ಮಾರನೆಯ ದಿನದಿಂದ ಅವಳ ಮನೆಯ ಹಾಲನ್ನು ಡೈರಿಗೆ ಹಾಕಿಸಿಕೊಳ್ಳಬೇಡಿ ಎಂದು ತಕರಾರು ತೆಗೆದರು. ಸಿದ್ದಮ್ಮನ ಮಗ ಬಂದು ಕೂಗಾಡಿದ. ಪ್ರಕಾಶ್ ಫೈರ್‌ವಾಲಿನ ವರದಿ ತರಿಸಿದರು. ಲತಾಮಣಿ ಕೊಟ್ಟ ವರದಿ ಶುಭ್ರವಾಗಿತ್ತು: ಯಾವ ಸೋರಿಕೆಯೂ ಇಲ್ಲ.

"ಅಂದ್ಮೇಲೆ ಬಾಯಿಂದಲೇ ಹೋಗಿದೆ" ಎಂದರು ಪ್ರಕಾಶ್. ಚೈತ್ರಾ, ಸಿದ್ದಮ್ಮ ಇಬ್ಬರೂ ಇದ್ದದ್ದು ಸೌಮ್ಯ ಎಂಬ ನರ್ಸಿನ ವಾರ್ಡಿನಲ್ಲಿ. ಶುಕ್ರವಾರ ವಿಚಾರಣೆ, ಅಲ್ಲಿಯವರೆಗೆ ಮನೆಯಲ್ಲಿರಿ ಎಂದು ಸೌಮ್ಯಳನ್ನು ಕಳಿಸಿಬಿಟ್ಟರು.

ಗುರುವಾರ ಬೆಳಿಗ್ಗೆ ಸೌಮ್ಯ ಲತಾಮಣಿಯ ಕೋಣೆಗೆ ಬಂದಳು. ಸಮವಸ್ತ್ರವಿಲ್ಲದೆ ಸಾದಾ ಚೂಡಿದಾರದಲ್ಲಿ ಅವಳು ಯಾರೋ ರೋಗಿಯ ಕಡೆಯವಳಂತೆ ಕಾಣುತ್ತಿದ್ದಳು. "ಅಕ್ಕಾ, ನಾನ್ ಯಾರ್ಗೂ ಯೇಳಿಲ್ಲ ಕಣಕ್ಕ. ನರ್ಸ್ ಮೇಲೆ ಇಂಗ್ ಒಂದ್ಸತಿ ಬರುದ್ರೆ ಇನ್ಯಾವ ಆಸ್ಪತ್ರೆನೂ ಸೇರಿಸ್ಕಳಲ್ಲ. ನಿಮ್ ಮಿಸೀನು ಇನ್ನೊಂದ್ಸತಿ ನೋಡ್ಬುಡಿ, ಒಸಿ."

"ನೋಡ್ತೀನಿ ಕಣವ್ವ" ಎಂದಳು ಲತಾಮಣಿ. ನೋಡಲು ಏನೂ ಇರಲಿಲ್ಲ. ತಾನು ಕೊಟ್ಟ ಶುಭ್ರವಾದ ವರದಿಯೇ ಈ ಹುಡುಗಿಯ ಕುತ್ತಿಗೆಗೆ ಬಂದಿದೆ ಎಂಬುದು ಅವಳಿಗೆ ಗೊತ್ತಿತ್ತು.

ಸೌಮ್ಯಳನ್ನು ಬಾಗಿಲವರೆಗೆ ಕಳಿಸಿ ಬರುವಾಗ ನೋಟಿಸ್ ಬೋರ್ಡಿನ ಮುಂದೆ ಅವಳ ಕಾಲು ನಿಂತಿತು. ದತ್ತಾಂಶ ಸೋರಿಕೆಯ ಸುತ್ತೋಲೆ. ಕ್ಷಯ, ಮೂರ್ಛೆ, ಗರ್ಭಪಾತ, ಶಸ್ತ್ರಚಿಕಿತ್ಸೆ: ಹಿಡಿಯಬೇಕಾದ ಪದಗಳೆಲ್ಲ ಒಂದೇ ಹಾಳೆಯಲ್ಲಿ ಸಾಲಾಗಿ ನಿಂತಿದ್ದವು. ಇದೇ ಸುತ್ತೋಲೆಯನ್ನು ರಾಮಲಿಂಗಯ್ಯ ಚನ್ನಪಟ್ಟಣದ ಶಾಖೆಗೂ ಮೇಲ್ ಮಾಡಿದ್ದರಲ್ಲ? ಅದು ಅಲ್ಲಿಗೆ ತಲುಪಿ, ಅವರೂ ಗೋಡೆಗೆ ಅಂಟಿಸಿದ್ದಾರಲ್ಲ? ಹಾಗಾದರೆ ಪೆಟ್ಟಿಗೆ ಇದನ್ನೇಕೆ ಹಿಡಿಯಲಿಲ್ಲ?

ಬಡಬಡನೆ ಮೆಟ್ಟಿಲು ಹತ್ತಿದಳು. ಸುತ್ತೋಲೆಯ ಕಡತ ತೆರೆದು, ಪೆಟ್ಟಿಗೆಗೆ ಅದು ಹೇಗೆ ಕಾಣುತ್ತದೆ ಎಂದು ನೋಡಿದಳು. ಕನ್ನಡದ ಒಂದು ಅಕ್ಷರವೂ ಇರಲಿಲ್ಲ. ತಲೆಯ ಮೇಲೆ ಚುಕ್ಕೆ, ಟೋಪಿ, ಬಾಲ ಹೊತ್ತ ಇಂಗ್ಲಿಷ್ ಅಕ್ಷರಗಳ ಒಂದು ಹಿಂಡು. ಹಳೆಯ ನುಡಿ ಒಳಗೆ ಕನ್ನಡವನ್ನು ಹಾಗೆಯೇ ಇಡುತ್ತದೆ. ಫಾಂಟ್ ಎಂಬ ಅಂಗಿ ತೊಡಿಸಿದಾಗ ಮಾತ್ರ ನಮಗೆ ಕನ್ನಡವಾಗಿ ಕಾಣುವುದು. ಲತಾಮಣಿ ರೂಲಿನಲ್ಲಿ ಬರೆದದ್ದು ಈಗಿನ ಮೊಬೈಲಿನ ಯೂನಿಕೋಡ್ ಕನ್ನಡ. ಅದರಲ್ಲಿ ಬರೆದರೆ ಹಿಡಿಯುತ್ತದೆ, ನುಡಿಯಲ್ಲಿ ಬರೆದರೆ ಗೋಡೆಗೆ ಓದಲು ಬಾರದು. ಇಡೀ ತಾಲ್ಲೂಕಿಗೆ ನುಡಿ ಕಲಿಸಿದವಳಿಗೆ ಇದೊಂದು ಹೊಳೆಯಲಿಲ್ಲ.

ನುಡಿ ತೆರೆದು, ವರ್ಷಗಳಿಂದ ಒತ್ತದ ಕೀಲಿಗಳನ್ನು ಒತ್ತಿ, ಆ ಪದಗಳನ್ನೆಲ್ಲ ಮತ್ತೆ ಟೈಪ್ ಮಾಡಿ ರೂಲಿನೊಳಗೆ ಅಂಟಿಸಿದಳು. ಟೋಪಿ, ಬಾಲದ ಸಾಲು ಸಾಲು. ಯಾರಾದರೂ ನೋಡಿದರೆ ಇವಳಿಗೆ ತಲೆ ಕೆಟ್ಟಿದೆ ಎನ್ನುವ ಹಾಗಿತ್ತು.

ಮಧ್ಯಾಹ್ನದ ಊಟ ಮುಗಿಯುವ ಹೊತ್ತಿಗೆ ಪೆಟ್ಟಿಗೆ ಒಂದು ಮೇಲನ್ನು ತಡೆದು ನಿಲ್ಲಿಸಿತು. ದಾಖಲೆ ಕೋಣೆಯಿಂದ ಹೊರಟದ್ದು. ಹೋಗಬೇಕಾದದ್ದು ಕೋಡಿಹಳ್ಳಿಯ ಒಂದು ಜೆರಾಕ್ಸ್ ಅಂಗಡಿಗೆ, ರಾಮಲಿಂಗಯ್ಯನವರ ಅಳಿಯ ಸ್ವಾಮಿಯದು. ಲತಾಮಣಿ ತೆರೆದು ಓದಿದಳು.

'ಚಿರಂಜೀವಿ ಸ್ವಾಮಿಗೆ ಆಶೀರ್ವಾದಗಳು. ಕಬ್ಬಾಳಿನ ಲತಾಮಣಿಯವರಿಗೆ ಎದೆಯಲ್ಲಿ ಗಂಟಾಗಿ ಸೋಮವಾರ ನಮ್ಮಲ್ಲಿ ಶಸ್ತ್ರಚಿಕಿತ್ಸೆ ಇರುತ್ತದೆ. ಇವರು ನನಗೆ ಅಕ್ಷರ ಒತ್ತಲು ಕಲಿಸಿದವರು. ತಾಯಿ ಇರುವುದಿಲ್ಲ, ಒಬ್ಬರೇ ಇರುತ್ತಾರೆ. ಆದ್ದರಿಂದ ಕಬ್ಬಾಳಿನವರಿಗೆ ತಪ್ಪದೆ ಸುದ್ದಿ ಮುಟ್ಟಿಸಿ, ಯಾರಾದರೂ ಬಂದು ನೋಡಿಕೊಂಡು ಹೋಗುವಂತೆ ಮಾಡುವುದು.'

ಅವಳ ಒಪ್ಪಿಗೆ ಪತ್ರವನ್ನು ಟೈಪ್ ಮಾಡಿದವರೂ ಅವರೇ ಅಲ್ಲವೇ. ಲತಾಮಣಿಗೆ ಸಿಟ್ಟು ಬಂತು, ಅಳುವೂ ಬಂತು. ಯಾವುದು ಮೊದಲು ಎಂದು ತಿಳಿಯಲಿಲ್ಲ. ಆಮೇಲೆ ಎದ್ದು ದಾಖಲೆ ಕೋಣೆಗೆ ಹೋದಳು.

ರಾಮಲಿಂಗಯ್ಯ ಎಂದಿನಂತೆ ಅರ್ಧ ಎದ್ದರು. "ಬನ್ನಿ ಟೀಚರಮ್ಮ. ಯಾಕೋ ಮೇಲು ಓಯ್ತಾನೇ ಇಲ್ಲ, ಒಸಿ ನೋಡಿ."

"ಅಣ್ಣ, ಎಷ್ಟ್ ದಿನದಿಂದ ಸ್ವಾಮಿಗೆ ಇಂಗೆ ಬರೀತಾ ಇದ್ದೀರಿ?"

"ಮೊದ್ಲಿಂದ್ಲೂ ಬರೀತೀನಿ. ನಮ್ ಕಡೆಯೋರು ಯಾರಾರಾ ಸೇರಿದ್ರೆ ಒಂದ್ ಮಾತ್ ಕಳುಸ್ತೀನಿ. ಅವ್ನು ಬೆಳಿಗ್ಗೆ ಡೈರಿ ತಾವ ಓದ್ಬುಡ್ತಾನೆ. ಯೇಳ್ದಿದ್ರೆ ನೋಡ್ಕಬರೋಕೆ ಜನಕ್ಕೆ ಎಂಗ್ ಗೊತ್ತಾಯ್ತದೆ?"

"ಅದೇ ಕಣಣ್ಣ ಸೋರಿಕೆ. ಸುತ್ತೋಲೆ ಟೈಪ್ ಮಾಡ್ದೋರು ನೀವೇ ಅಲ್ವಾ?"

ರಾಮಲಿಂಗಯ್ಯ ಅವಳನ್ನೇ ನೋಡಿದರು. ಅವರ ಮುಖದಲ್ಲಿ ಕಳ್ಳತನ ಎಂಬುದರ ನೆರಳೂ ಇರಲಿಲ್ಲ. "ಅದು ದತ್ತಾಂಶ ಅಲ್ವಾ? ಆಧಾರ್ ನಂಬ್ರು, ಫೋನ್ ನಂಬ್ರು... ನಾನ್ ಒಂದ್ ನಂಬ್ರೂ ಕಳ್ಸಿಲ್ಲ. ಸಂಬಂದ್ಕರಿಗೆ ತಾನೆ ಯೇಳಿದ್ದು?"

"ಚೈತ್ರಾನ್ ಮದ್ವೆ ನಿಂತೋಯ್ತು. ಬೀಗ್ರಿಗೆ ಗೊತ್ತಾಗಿ."

"ಬೀಗ್ರೂ ಸಂಬಂದ್ಕರೇ ಅಲ್ವಾ..." ಎಂದು ಶುರುಮಾಡಿದವರು ಅಲ್ಲಿಗೇ ನಿಲ್ಲಿಸಿದರು. ಕೀಲಿಮಣೆಯ ಮೇಲಿದ್ದ ಎರಡು ಬೆರಳು ಹಾಗೇ ಇದ್ದವು. ಆಮೇಲೆ ಕೇಳಿದರು. "ಸೌಮ್ಯಮ್ಮನ್ನ ಮನೇಗ್ ಕಳ್ಸಿರದು ಇದ್ಕೇಯಾ?"

"ಹ್ಞೂಂ."

"ಅಯ್ಯೋ ಶಿವನೇ. ನಾಳೆ ನಾನೇ ಬಂದು ಯೇಳ್ಬುಡ್ತೀನಿ ಕಣವ್ವ."

ಹೇಳಿದರು ಕೂಡ. ಶುಕ್ರವಾರದ ವಿಚಾರಣೆಯಲ್ಲಿ ಕೈಕಟ್ಟಿ ನಿಂತು, ಹೇಳಿದ್ದು ನಾನು, ಸೌಮ್ಯಮ್ಮನದೇನೂ ತಪ್ಪಿಲ್ಲ ಎಂದರು. ಪ್ರಕಾಶ್ ನಂಬಲಿಲ್ಲ. "ರಾಮಲಿಂಗಯ್ಯ, ನೀವು ಎಲ್ಲರಿಗೂ ಮರುಗೋರು. ಹುಡುಗಿನ ಉಳಿಸೋಕೆ ಹೇಳ್ತಿದೀರ. ಮೇಲ್ ಎಲ್ಲಿದೆ, ತೋರಿಸಿ."

ತೋರಿಸಲು ಅವರ ಹತ್ತಿರ ಏನೂ ಇರಲಿಲ್ಲ. ಕಳಿಸಿದ ಮೇಲನ್ನು ಆಗಿಂದಾಗಲೇ ಅಳಿಸಿಬಿಡಬೇಕು, ಇಲ್ಲದಿದ್ದರೆ ಜಾಗ ತುಂಬುತ್ತದೆ ಎಂದು ಹಿಂದೆ ಲತಾಮಣಿಯೇ ಹೇಳಿಕೊಟ್ಟಿದ್ದಳು. ಅವರು ಅದನ್ನು ಶ್ರದ್ಧೆಯಿಂದ ಪಾಲಿಸಿದ್ದರು. ಉಳಿದದ್ದು ಒಂದೇ ಮೇಲು, ಪೆಟ್ಟಿಗೆ ತಡೆದು ಇಟ್ಟುಕೊಂಡದ್ದು.

ಗೋಡೆಯ ಪಕ್ಕದ ಕುರ್ಚಿಯಲ್ಲಿ ಸೌಮ್ಯ ನೆಲ ನೋಡುತ್ತ ಕೂತಿದ್ದಳು. ಲತಾಮಣಿ ತನ್ನ ಹೆಸರನ್ನು ಮುಚ್ಚಿ ಆ ಮೇಲನ್ನು ತೋರಿಸಬಹುದಿತ್ತು. ರಾತ್ರಿಯೆಲ್ಲ ಅದನ್ನೇ ಯೋಚಿಸಿದ್ದಳು. ಆದರೆ ಇರುವ ಒಂದೇ ಸಾಕ್ಷಿಗೆ ಮಸಿ ಬಳಿದು ತೋರಿಸಿದರೆ, ಏನೋ ಮುಚ್ಚಿಡುತ್ತಿದ್ದಾರೆ ಎಂದು ಈ ಮನುಷ್ಯ ಅದನ್ನೂ ತಳ್ಳಿಹಾಕುತ್ತಾನೆ. ಅವಳು ಕೋಣೆಯ ದೊಡ್ಡ ಪರದೆಗೆ ತನ್ನ ಕಂಪ್ಯೂಟರಿನ ವೈರು ಚುಚ್ಚಿದಳು. ಪರದೆಯ ಮೇಲೆ ಅವಳ ಹೆಸರು, ಅವಳ ಗಂಟು, ಅವಳ ಒಂಟಿತನ ದಪ್ಪಕ್ಷರದಲ್ಲಿ ಮೂಡಿದವು. ಎಲ್ಲರೂ ಓದಿದರು. ಯಾರೂ ಅವಳ ಕಡೆ ತಿರುಗಲಿಲ್ಲ, ಅದೇ ಅವಳಿಗೆ ಹೆಚ್ಚು ನೋವು ತಂದಿತು.

ಪ್ರಕಾಶ್ "ಈ ವಿಷಯ ಈ ಕೋಣೆ ದಾಟಬಾರದು" ಎಂದರು. ಸೌಮ್ಯ ಅಂದೇ ಡ್ಯೂಟಿಗೆ ಬಂದಳು. ರಾಮಲಿಂಗಯ್ಯನವರನ್ನು ಬಟ್ಟೆ ಒಗೆಯುವ ವಿಭಾಗಕ್ಕೆ ಹಾಕಿದರು, ಬೆಡ್‌ಶೀಟ್ ಎಣಿಸುವ ಕೆಲಸ. ಅಲ್ಲಿ ಕಂಪ್ಯೂಟರ್ ಇರಲಿಲ್ಲ. ಅವರು ಒಂದು ಸಂಜೆ ಕೆಂಪಯ್ಯನ ಮನೆಗೂ ಸಿದ್ದಮ್ಮನ ಮನೆಗೂ ಹೋಗಿ ಬಂದರಂತೆ. ಕೆಂಪಯ್ಯ ಬಾಗಿಲು ತೆಗೆಯಲಿಲ್ಲವಂತೆ.

ಸೋಮವಾರ ಆಪರೇಷನ್ ಆಯಿತು. ಗಂಟನ್ನು ಪರೀಕ್ಷೆಗೆ ಕಳಿಸಿದರು, ವರದಿ ಇನ್ನೂ ಬರಬೇಕಿತ್ತು. ಲತಾಮಣಿ ಹೆಂಗಸರ ವಾರ್ಡಿನ ಕಿಟಕಿ ಪಕ್ಕದ ಹಾಸಿಗೆಯಲ್ಲಿ ಮಲಗಿದ್ದಳು. ಸೌಮ್ಯ ಬಂದು ಡ್ರಿಪ್ ನೋಡುತ್ತಿದ್ದಳು, ದಿಂಬು ಸರಿಮಾಡುತ್ತಿದ್ದಳು, ಬಾಯಿ ಬಿಟ್ಟು ಏನೂ ಕೇಳುತ್ತಿರಲಿಲ್ಲ. ಮಿಕ್ಕವರೆಲ್ಲ ಗೊತ್ತಿದ್ದೂ ಗೊತ್ತಿಲ್ಲದವರಂತೆ ಮಂಚದ ಮುಂದೆ ಹಾದುಹೋಗುತ್ತಿದ್ದರು. ಟೀವಿ ಕೆಟ್ಟಿತ್ತು, ಅದನ್ನೂ ಯಾರೂ ಅವಳಿಗೆ ಹೇಳಲಿಲ್ಲ. ಅವಳು ಬರೆದ ರೂಲು ಇಷ್ಟು ಚೆನ್ನಾಗಿ ಹಿಂದೆಂದೂ ಕೆಲಸ ಮಾಡಿರಲಿಲ್ಲ.

ಸಂಜೆ ನೋಡುವವರ ಹೊತ್ತಾಯಿತು. ಪಕ್ಕದ ಹಾಸಿಗೆಯ ಮುದುಕಿಗೆ ಕಲ್ಲು ತೆಗೆದಿದ್ದರು. ಅವಳ ಸುತ್ತ ಊರಿಗೆ ಊರೇ ನೆರೆದಿತ್ತು. ಒಬ್ಬಳು ತಲೆ ಬಾಚುತ್ತಿದ್ದಳು, ಒಬ್ಬ ಕಾಲು ಒತ್ತುತ್ತಿದ್ದ, ಮಿಕ್ಕವರು ಯಾವುದೋ ಹಾಲಿನ ಹಸುವನ್ನು ಯಾರಿಗೆ ಮಾರಿದ್ದು ಎಂದು ಜಗಳವಾಡುತ್ತಿದ್ದರು. ಲತಾಮಣಿ ಗೋಡೆಯ ಕಡೆ ಹೊರಳಲು ನೋಡಿದಳು. ಹೊಲಿಗೆ ಎಳೆಯಿತು. ತನ್ನ ಬಾಯಿಂದ ಬಂದಿದ್ದ 'ಎಲ್ರೂ ಓಗ್ರಪ್ಪ' ಅವಳಿಗೇ ಕೇಳಿಸಿತು.

"ಟೀಚರಮ್ಮ."

ರಾಮಲಿಂಗಯ್ಯ ಬಾಗಿಲ ಹತ್ತಿರ ನಿಂತಿದ್ದರು. ಕೈಯಲ್ಲಿ ಒಂದು ಬ್ರೆಡ್ಡು, ಒಂದು ಎಳನೀರು. ಒಳಗೆ ಬರಬಹುದೇ ಇಲ್ಲವೇ ಎಂದು ತಿಳಿಯದ ಮುಖ. ಅವಳು ಕಣ್ಣಿನಲ್ಲೇ ಕರೆದಳು. ಬಂದು ಸ್ಟೂಲಿನ ತುದಿಯಲ್ಲಿ ಕೂತು, ಸ್ವರ ತಗ್ಗಿಸಿ ಹೇಳಿದರು.

"ಯಾರ್ಗೂ ಯೇಳಿಲ್ಲ ಕಣವ್ವ. ಕಬ್ಬಾಳಮ್ಮನಾಣೆ. ನಮ್ ಮನೆಯೋಳ್ಗೂ ಯೇಳಿಲ್ಲ."

ಲತಾಮಣಿ ಸೂರು ನೋಡುತ್ತ ಮಲಗಿದ್ದಳು. ಪಕ್ಕದಲ್ಲಿ ಹಸುವಿನ ಜಗಳ ನಗುವಿನಲ್ಲಿ ಮುಗಿದಿತ್ತು. ಅವಳ ಕಣ್ಣಿನಿಂದ ನೀರು ಇಳಿದು ಕಿವಿಗೆ ಹೋಯಿತು. ಒರೆಸಿಕೊಳ್ಳಲು ಎಡಗೈ ಏಳಲಿಲ್ಲ.

"ಒಬ್ರಿಗಾರಾ ಯೇಳ್ಬೌದಿತ್ತು ಕಣಣ್ಣ."

ಅವರಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಬ್ರೆಡ್ಡನ್ನು ಮಂಚದ ಮೇಲಿಟ್ಟು, ಜೇಬಿನಿಂದ ತಮ್ಮ ಬಟನ್ ಫೋನ್ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಒತ್ತಲಿಲ್ಲ. ಅವಳ ಮುಖ ನೋಡಿದರು.

"ಕಬ್ಬಾಳಿಗೆ ಮಾಡ್ಲಾ? ಏನಂತ ಯೇಳ್ಲವ್ವ? ಎಷ್ಟ್ ಯೇಳ್ಬೇಕು ಅಂತ ನೀನೇ ಯೇಳು, ಅಷ್ಟೇ ಯೇಳ್ತೀನಿ."

'ಟೀಚರಮ್ಮ' ಹೋಗಿ 'ನೀನು' ಆಗಿದ್ದಳು. ಇಷ್ಟು ದಿನದಲ್ಲಿ ಅವಳನ್ನು ಹಾಗೆ ಕೇಳಿದವರು ಯಾರೂ ಇರಲಿಲ್ಲ, ಅವಳು ಬರೆದ ರೂಲಿನಲ್ಲೂ ಆ ಪ್ರಶ್ನೆಗೆ ಜಾಗವಿರಲಿಲ್ಲ.

"ಇದ್ದುದ್ನ ಇದ್ದಂಗೆ ಯೇಳಣ್ಣ" ಎಂದಳು. "ಟೆಂಪೋ ಮಾಡ್ಕೊಂಡೇ ಬರ್ಲಿ."